ತಂತಿ ಕಾಣಿಸಬಾರದು, ಅಷ್ಟೆ

ಇವತ್ತು ಬೆಳಗ್ಗೆ ಕಾಫಿ ಸೋಸುತ್ತಿದ್ದಾಗ ಫೋನು ಟಿಂಗ್ ಅಂತು. ನಮ್ಮ ಫೋಟೋ ಗ್ರೂಪಿಗೆ ಹೊಸದಾಗಿ ಸೇರಿರುವ ಮಾರ್ಟಳ್ಳಿಯ ಹೆಣ್ಣುಮಗಳೊಬ್ಬಳು ಪಂಜರದ ಗಿಣಿಯ ಫೋಟೋ ಹಾಕಿ, ಕೆಳಗೆ 'ಸಿ ಅಂಡ್ ಸಿ ಪ್ಲೀಸ್' ಎಂದು ಬರೆದಿದ್ದಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕಾಮೆಂಟ್ಸ್ ಅಂಡ್ ಕ್ರಿಟಿಸಿಸಂ. ಅಂದರೆ, ತಪ್ಪು ಹೇಳಿ, ತಿದ್ದಿಕೊಳ್ಳುತ್ತೇನೆ ಅಂತ. ನಾನು ಸಕ್ಕರೆ ಹಾಕಿ ಕಲಕುವಷ್ಟರಲ್ಲಿ ಮೂರು ಜನ ಹೇಳಿಯೂ ಆಗಿತ್ತು. ಮೂವರದೂ ಒಂದೇ ಮಾತು: ತಂತಿ ಡಿಸ್ಟರ್ಬ್ ಮಾಡ್ತಿದೆ.

ಬೆಳಗ್ಗೆ ಬೆಳಗ್ಗೆ ಸಿಟ್ಟು ಮಾಡಿಕೊಳ್ಳಬೇಡಿ ಎಂದು ನನ್ನ ಡಾಕ್ಟರು ಹೇಳಿದ್ದಾರೆ, ಬಿಪಿ ಇದೆ. ಆದರೆ ಈ ಸಿಟ್ಟು ಇವತ್ತಿನದಲ್ಲ, ಎರಡು ವರ್ಷದ್ದು. ಅದರಲ್ಲಿ ಅರ್ಧ ನನ್ನ ಮೇಲಿನದೇ. ಕೂತುಕೊಳ್ಳಿ, ಹೇಳಿಬಿಡುತ್ತೇನೆ.

ಮೈಸೂರಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಓದಿದವಳು ನಾನು. ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರ್ ನನ್ನ ಪ್ರತಿ ಕಾಂಪೊಸಿಷನ್ ಕೆಳಗೂ ಕೆಂಪು ಇಂಕಿನಲ್ಲಿ ಒಂದೇ ಮಾತು ಬರೆಯುತ್ತಿದ್ದರು: ಕ್ಯಾನ್ ಡೂ ಬೆಟರ್. ಒಂದು ದಿನವೂ 'ಗುಡ್' ಅನ್ನಲಿಲ್ಲ, 'ಬ್ಯಾಡ್' ಎಂದೂ ಅನ್ನಲಿಲ್ಲ. ಅದರ ಫಲವೇನೆಂದರೆ, ಯಾರಾದರೂ ಇನ್ನೂ ಚೆನ್ನಾಗಿ ಮಾಡಬಹುದು ಅಂದರೆ ಸಾಕು, ಯಾಕೆ ಎಂದು ಕೇಳದೆ ನಾನು ಮೊದಲಿಂದ ಶುರುಮಾಡುತ್ತೇನೆ. ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಹೊಸತರಲ್ಲಿ ಅತ್ತೆಯವರು ಮುದ್ದೆ ಗಂಟಾಯಿತು ಅಂದರು ಅಂತ ಒಂದು ವಾರ ಮೂರು ಹೊತ್ತೂ ಮುದ್ದೆ ತಿರುವಿ ಮನೆಮಂದಿಯೆಲ್ಲ ಕೈಮುಗಿಯುವ ಹಾಗೆ ಮಾಡಿದ್ದೆ. ಆಮೇಲೆ ನಾನೂ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾಗಿ, ಕೊನೆಗೆ ಹೆಡ್‌ಮಿಸ್ಟ್ರೆಸ್ಸೂ ಆಗಿ ಅದೇ ಕೆಂಪು ಇಂಕನ್ನು ಮಕ್ಕಳ ಮೇಲೆ ಚೆಲ್ಲಿದೆ ಅನ್ನಿ.

ರಿಟೈರಾದ ಮೇಲೆ ಕ್ಯಾಮೆರಾ ಕೊಂಡೆ, ಗ್ರೂಪಿಗೆ ಸೇರಿದೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಹವ್ಯಾಸಿಗಳ ಗ್ರೂಪು. ಅಡ್ಮಿನ್ ಒಬ್ಬ ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಗತ್ತಿನಲ್ಲಿ ದೊಡ್ಡವರು. ಯಳಂದೂರಿನ ಮೆಡಿಕಲ್ ಸ್ಟೋರಿನವರೊಬ್ಬರಿದ್ದಾರೆ, ಮೊಳದುದ್ದದ ಲೆನ್ಸ್ ಹೊತ್ತು ಪ್ರತಿ ಭಾನುವಾರ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುತ್ತಾರೆ. ನನ್ನ ಮಂಡಿಗೆ ಬೆಟ್ಟ ಎಲ್ಲಿ ಎಟುಕಬೇಕು? ನನಗೆ ಎಟುಕಿದ ಹಕ್ಕಿ ಕಾಮಗೆರೆಯಲ್ಲಿರುವ ನನ್ನ ನಾದಿನಿ ದೇವಮ್ಮಣ್ಣಿಯ ಮನೆಯದು.

ಅವಳ ಹಿತ್ತಲಿನ ಒಣಗಿದ ತೆಂಗಿನಮರ ಕಡಿಸಿದಾಗ ಪೊಟರೆಯಲ್ಲಿ ಸಿಕ್ಕಿದ ಗಿಣಿಮರಿ ಅದು. ಮೈಮೇಲೆ ಪುಕ್ಕವೂ ಇರಲಿಲ್ಲವಂತೆ. ಬತ್ತಿಯನ್ನು ರಾಗಿ ಅಂಬಲಿಯಲ್ಲಿ ಅದ್ದಿ ಅದ್ದಿ ಬಾಯಿಗೆ ಹಿಂಡಿ ಬದುಕಿಸಿದ್ದಳು. ಆಳುಗಳು ಗೇಟಿನಲ್ಲಿ ನಿಂತು ಯಜಮಾನರನ್ನು 'ಬುದ್ದೀ' ಎಂದು ಕೂಗುವುದನ್ನು ಕೇಳಿ ಕೇಳಿ ಅದು ಕಲಿತ ಮೊದಲ ಮಾತು ಅದೇ. ಹೆಸರೂ ಅದೇ ಆಯಿತು. ಕೂಗಿದ್ದು ಆಳೋ ಗಿಣಿಯೋ ತಿಳಿಯದೆ ದೇವಮ್ಮಣ್ಣಿಯ ಗಂಡ ದಿನಕ್ಕೆ ನಾಲ್ಕು ಸಲ ಬಾಗಿಲಿಗೆ ಬಂದು, ಯಾರೂ ಇಲ್ಲದ್ದು ಕಂಡು, ಬೈದುಕೊಂಡು ಒಳಗೆ ಹೋಗುತ್ತಿದ್ದರು.

ಮಧ್ಯಾಹ್ನ ಊಟವಾದ ಮೇಲೆ ಅವಳು ನಡುಮನೆಯ ಬಾಗಿಲು, ಕಿಟಕಿ ಹಾಕಿ, ಫ್ಯಾನ್ ಆರಿಸಿ, ಪಂಜರದ ಬಾಗಿಲು ತೆಗೆಯುತ್ತಿದ್ದಳು. ಬುದ್ದಿ ಪಂಜರದ ಮೇಲಿಂದ ತೊಲೆಗೆ, ತೊಲೆಯಿಂದ ಟಿ.ವಿ. ಮೇಲಕ್ಕೆ, ಮತ್ತೆ ತೊಲೆಗೆ. ನಡುಮನೆಯೆಂದರೆ ಎಷ್ಟು, ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಯ ಹಾರಾಟ ಅದಕ್ಕೆ ದಿನವೂ ಸಿಗುತ್ತಿತ್ತು. ಗಿಣಿ ಸಾಕುವುದೇ ಕಾನೂನಿಗೆ ವಿರುದ್ಧ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ದಿನಾ ಇಂಗ್ಲಿಷ್ ಪೇಪರು ಓದುವವಳು. ಫೋಟೋ ಬೇಕಿತ್ತು, ಸುಮ್ಮನಿದ್ದೆ.

ಮೊದಲ ಫೋಟೋ ಹಾಕಿದಾಗ ಬಂದ ಫೀಡ್‌ಬ್ಯಾಕು: ತಂತಿ ಕಾಣ್ತಿದೆ, ಕೆಂಪು ಪ್ಲಾಸ್ಟಿಕ್ ಬಟ್ಟಲು ಕಣ್ಣಿಗೆ ಹೊಡೀತಿದೆ, ಹಿಂದಿನ ಗೋಡೆ ಕೊಳಕು, ಫೋಕಸ್ ಕಣ್ಣಿನ ಮೇಲಿರಲಿ. ಮುಂದಿನ ಶುಕ್ರವಾರ ಮತ್ತೆ ಕಾಮಗೆರೆಗೆ ಹೋದಾಗ ಬಟ್ಟಲು ತೆಗೆದಿಟ್ಟೆ. ಒಂದು ಗಂಟೆ ಹಕ್ಕಿಗೆ ನೀರಿಲ್ಲ. ಹಿಂದೆ ಬಿಳಿ ದುಪ್ಪಟಿ ಕಟ್ಟಿದೆ. ಲೆನ್ಸನ್ನು ತಂತಿಗೆ ತಾಗಿಸಿ ಹಿಡಿದು ಅಪರ್ಚರ್ ಅನ್ನುವ ಲೆನ್ಸಿನ ಕಿಂಡಿಯನ್ನು ಪೂರ್ತಿ ತೆರೆದರೆ ತಂತಿ ಕರಗಿಹೋಗುತ್ತದೆ ಎಂದು ಮೇಷ್ಟ್ರು ಕಲಿಸಿಕೊಟ್ಟರು. ನಿಜವಾಗಿಯೂ ಕರಗಿತು. ನೀವು ನೋಡಬೇಕಿತ್ತು, ಮಂತ್ರ ಹಾಕಿದ ಹಾಗೆ. ಆಮೇಲೆ ದುಪ್ಪಟಿ ಆರ್ಟಿಫಿಷಿಯಲ್ ಅಂದರು, ಹಸಿರು ಬೇಕು ಅಂದರು. ದೇವಮ್ಮಣ್ಣಿ ತನ್ನ ಗಿಣಿಹಸಿರು ಕೊಳ್ಳೇಗಾಲದ ರೇಷ್ಮೆ ಸೀರೆ ತಂದು ನೇತುಹಾಕಿದಳು. ಮೆಡಿಕಲ್ ಸ್ಟೋರಿನವರು ಅದನ್ನು ಕಾಡು ಅಂದುಕೊಂಡು ಮೆಚ್ಚಿದರು.

ಆಗ ಒಂದು ಸಲ, ಇದು ಸಾಕಿದ ಹಕ್ಕಿ, ಹೇಳಿಬಿಡಲೇ ಎಂದು ಮೇಷ್ಟ್ರನ್ನು ಕೇಳಿದೆ.

"ಪಂಜರದ್ದಾದ್ರೂ ಪರವಾಗಿಲ್ಲ ಮೇಡಂ," ಅಂದರು. "ತಂತಿ ಕಾಣಿಸಬಾರದು, ಅಷ್ಟೆ."

ಈ ಮಾತಿಗೆ ನನಗೆ ಅವತ್ತೇ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನೋಟ್ಸ್ ಬರೆದುಕೊಂಡೆ. ಕೊನೆಗೆ ಉಳಿದದ್ದು ಒಂದೇ ಕೊರತೆ: ಹಕ್ಕಿ ಕಬ್ಬಿಣದ ಸರಳಿನ ಮೇಲೆ ಕೂತಿದೆ, ನಿಜವಾದ ಕೊಂಬೆ ಬೇಕು, ಹೊರಗಿನ ಬೆಳಕು ಬೇಕು. ಹೊರಗೆ ತಂದರೆ ಹಾರಿಹೋದೀತಲ್ಲ ಎಂದು ನಾನು ದೇವಮ್ಮಣ್ಣಿಯ ಹತ್ತಿರ ಪೇಚಾಡಿದೆ. ಅಷ್ಟೇ ಹೇಳಿದ್ದು. ಮತ್ತೇನೂ ಹೇಳಲಿಲ್ಲ ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಮುಂದಿನ ಶುಕ್ರವಾರ ಬಸ್ಸಿಳಿದು ಹೋದರೆ ಹಿತ್ತಲಲ್ಲಿ ಎಲ್ಲ ಸಿದ್ಧವಾಗಿತ್ತು. ಸೀಬೆ ಕೊಂಬೆ ನೆಟ್ಟಿದ್ದಳು, ಹಗ್ಗಕ್ಕೆ ಸೀರೆ ಹರವಿದ್ದಳು. ಹಬ್ಬಕ್ಕೆ ಒಬ್ಬಟ್ಟು ಬಡಿಸುವ ಮುಖದಲ್ಲಿ ಹೇಳಿದಳು:

"ಬನ್ನಿ ಅತ್ಗೆ. ರೆಕ್ಕೆಗೆ ಕತ್ರಿ ಆಕ್ಬುಟ್ಟಿವ್ನಿ. ಇನ್ನು ಎಲ್ಗೂ ಆರಾಕಿಲ್ಲ. ಎಷ್ಟೊತ್ತು ಬೇಕಾರೂ ಪೋಟ ತಗೀರಿ."

ರವಿಕೆ ಹೊಲಿಯುವ ಕತ್ತರಿ. ನನ್ನ ಮೇಲಿನ ಪ್ರೀತಿಗೆ. ನಾನು ವಾಪಸು ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ, ಬೆಳಕು ಚೆನ್ನಾಗಿತ್ತು. ಬುದ್ದಿ ಎರಡು ಸಲ ಕೊಂಬೆಯಿಂದ ಹಾರಿತು, ಎರಡು ಸಲವೂ ತೊಪ್ಪನೆ ನೆಲಕ್ಕೆ ಬಿತ್ತು. ಎತ್ತಿ ಮತ್ತೆ ಕೊಂಬೆಯ ಮೇಲೆ ಕೂರಿಸಿದವಳು ನಾನೇ.

ಗ್ರೂಪಿನಲ್ಲಿ ಚಪ್ಪಾಳೆಯ ಮಳೆ. ಬೆಟ್ಟದಲ್ಲಿ ಯಾವ ಕಡೆ ಸಿಕ್ಕಿತು ಎಂದು ಮೆಡಿಕಲ್ ಸ್ಟೋರಿನವರು ಕೇಳಿದರು. ಕೈಮುಗಿದ ಚಿತ್ರ ಹಾಕಿ ಸುಮ್ಮನಾದೆ. ಆದರೆ ಮೇಷ್ಟ್ರ ಕಣ್ಣು ಸಾಮಾನ್ಯವೇ? ಬಲಗಡೆ ರೆಕ್ಕೆಯ ತುದಿ ಅಳತೆ ಹಿಡಿದು ಕತ್ತರಿಸಿದ ಹಾಗಿದೆ, ನ್ಯಾಚುರಲ್ ಅನ್ನಿಸ್ತಿಲ್ಲ, ಎಡಿಟಿಂಗಲ್ಲಿ ಸರಿಮಾಡಿ ಎಂದು ಬರೆದರು. ನೋಡಿ, ಕಂಡಿತ್ತು! ಕತ್ತರಿಸಿದ ಹಾಗಿದೆ ಎನ್ನುವಷ್ಟು ಕಂಡಿತ್ತು. ಯಾಕೆ ಹಾಗಿದೆ ಎಂದು ಅವರು ಕೇಳಲಿಲ್ಲ. ಗ್ರೂಪಿನಲ್ಲಿ ಅಷ್ಟು ಜನ ಇದ್ದಾರೆ, ಒಬ್ಬರೂ ಕೇಳಲಿಲ್ಲ. ಬಾಲದ ಹಿಂದೆ ಒಂದು ಹುಲ್ಲುಕಡ್ಡಿ ಅಡ್ಡ ಬಂದರೆ ಪುರಾಣ ಬರೆಯುವ ಜನ!

ನಾನೇನು ಮಾಡಿದೆ? ಕಂಪ್ಯೂಟರಿನ ಮುಂದೆ ಕೂತು, ಬೇರೆ ಫೋಟೋದಿಂದ ಗರಿ ಕದ್ದು, ಒಂದೊಂದಾಗಿ ಆ ರೆಕ್ಕೆಗೆ ಅಂಟಿಸಿದೆ. ಎರಡು ದಿನ ಹಿಡಿಯಿತು. 'ನೌ ಪರ್ಫೆಕ್ಟ್' ಎಂದರು ಮೇಷ್ಟ್ರು. ಜನ್ಮದಲ್ಲಿ ಮೊದಲ ಸಲ ನನಗೆ ಒಬ್ಬರು ಆ ಮಾತು ಹೇಳಿದ್ದು. ಹೈಸ್ಕೂಲು ಹುಡುಗಿಯ ಹಾಗೆ ಹತ್ತು ಸಲ ಓದಿಕೊಂಡೆ.

ಒಂದು ತಿಂಗಳ ಮೇಲೆ ಕಾಮಗೆರೆಗೆ ಸುಮ್ಮನೆ ಊಟಕ್ಕೆ ಹೋಗಿದ್ದೆ, ಕ್ಯಾಮೆರಾ ಇಲ್ಲದೆ. ಊಟವಾಯಿತು. ದೇವಮ್ಮಣ್ಣಿ ಪಂಜರದ ಬಾಗಿಲು ತೆಗೆದಳು. ಈಗ ಕಿಟಕಿ ಹಾಕುವ ಕೆಲಸವೇ ಇರಲಿಲ್ಲ. ಬುದ್ದಿ ಪಂಜರದ ನೆತ್ತಿಗೆ ಹತ್ತಿ ತೊಲೆಯನ್ನು ನೋಡಿತು. ಕತ್ತು ವಾರೆ ಮಾಡಿ ಬಹಳ ಹೊತ್ತು ನೋಡಿ, ನೆಗೆಯಿತು. ಕೆಂಪು ಗಾರೆ ನೆಲಕ್ಕೆ ಎದೆ ಬಡಿದು ಬಿತ್ತು. ಮತ್ತೆ ಕೊಕ್ಕಿನಿಂದ ಪಂಜರ ಹಿಡಿದು ಹತ್ತಿತು, ಮತ್ತೆ ನೆಗೆಯಿತು. ದಿನಾ ಹೀಗೇನಾ ಎಂದು ಕೇಳಿದೆ. ದಿನಾ ಹೀಗೇ, ಸುಸ್ತಾದರೆ ತಾನೇ ಒಳಕ್ಕೆ ಹೋಗುತ್ತದೆ ಅಂದಳು. ಟಿ.ವಿ. ಮೇಲೆ ಪಿಕ್ಕೆ ಬೀಳುವುದು ತಪ್ಪಿದೆ, ಇದೇ ವಾಸಿ, ಗರಿ ಬಂದರೆ ಮತ್ತೆ ಕತ್ತರಿಸುತ್ತೇನೆ ಎಂದೂ ಅಂದಳು.

ನನಗೆ ರೇಗಿತು. ಕ್ರುಯೆಲ್ಟಿ, ಇನ್‌ಹ್ಯೂಮನ್ ಎಂದು ಇಂಗ್ಲಿಷಿನಲ್ಲೆಲ್ಲ ಕೂಗಾಡಿದೆ. ಅವಳು ತಟ್ಟೆ ಎತ್ತುತ್ತಾ ಮೆತ್ತಗೆ ಕೇಳಿದಳು:

"ಅಲ್ಲ ಕಣತ್ಗೆ, ಕತ್ರಿ ಆಕಿದ್ದು ಯಾರ್ಗೋಸ್ಕರ? ಪೋಟ ನಂಗ್ ಬೇಕಿತ್ತಾ?"



ಇದ್ದದ್ದು ಇದ್ದ ಹಾಗೆ ಅವತ್ತೇ ಗ್ರೂಪಿಗೆ ಬರೆದೆ: ಆ ಕಾಡು ಕಾಡಲ್ಲ, ಸೀರೆ; ಆ ರೆಕ್ಕೆ ನಾನು ಅಂಟಿಸಿದ್ದು, ಹಕ್ಕಿ ನೆಲಕ್ಕೆ ಬೀಳುತ್ತಿದೆ. 'ಫೋಟೋಗ್ರಫಿ ಬಿಟ್ಟು ಬೇರೆ ವಿಷಯ ಬೇಡ ಮೇಡಂ' ಎಂದರು ಮೇಷ್ಟ್ರು. ಅದಕ್ಕೆ ಹನ್ನೊಂದು ಹೆಬ್ಬೆರಳು. ಸ್ವಾಮಿ, ಇದಕ್ಕಿಂತ ಫೋಟೋಗ್ರಫಿಯ ವಿಷಯ ಇನ್ನು ಯಾವುದಿದೆ?

ಗ್ರೂಪನ್ನು ತಿದ್ದುವುದು ನನ್ನಿಂದ ಆಗಲಿಲ್ಲ. ಕತ್ತರಿಯನ್ನು ಮಾತ್ರ ಹೇಳದೆ ಕೇಳದೆ ಬ್ಯಾಗಿಗೆ ಹಾಕಿಕೊಂಡು ಬಂದೆ. ಹೆಡ್‌ಮಿಸ್ಟ್ರೆಸ್ ಆಗಿದ್ದವಳು ನಾದಿನಿ ಮನೆಯಲ್ಲಿ ಕಳ್ಳತನ ಮಾಡಿದಳು ಎಂದು ಅವಳು ನೆಂಟರಿಗೆಲ್ಲ ಫೋನು ಮಾಡಿ ನಗಾಡಿದಳು. ಅದಾದ ಮೇಲೆ ಪ್ರತಿ ಶುಕ್ರವಾರ ಹೋಗಿ ಟಿ.ವಿ.ಯನ್ನೂ ನೆಲವನ್ನೂ ನಾನೇ ಒರೆಸುತ್ತೇನೆ. ತಾನು ಮತ್ತೆ ರೆಕ್ಕೆಗೆ ಕತ್ತರಿ ಹಾಕದಿರುವುದಕ್ಕೆ ಅವಳು ಹಾಕಿದ ಷರತ್ತು ಅದು. ನೆಲಕ್ಕೆ ಹಳೆಯ ಜಮಖಾನ ಹಾಸಿದೆವು, ಬಿದ್ದರೆ ನೋವಾಗದಿರಲಿ ಅಂತ. ಗರಿ ಬರುವುದಕ್ಕೆ ಎಷ್ಟು ತಿಂಗಳು ಬೇಕು ಗೊತ್ತೇ? ಕತ್ತರಿಸಿದ ದಂಟು ತಾನಾಗಿ ಉದುರಬೇಕು, ಆಮೇಲೆ ಹೊಸದು ಮೊಳೆಯಬೇಕು. ಕಂಪ್ಯೂಟರಿನಲ್ಲಿ ನನಗೆ ಎರಡು ದಿನ ಸಾಕಾಗಿತ್ತು.

ರೆಕ್ಕೆ ಪೂರ್ತಿ ಬಂದ ಮೇಲೆ ಫಾರೆಸ್ಟಿನವರಿಗೆ ಒಪ್ಪಿಸೋಣ ಎಂದು ನಾನು, ಅಂಬಲಿ ಹಿಂಡಿ ಸಾಕಿದ್ದು ನಾನು ಎಂದು ಅವಳು. ಆ ಜಗಳ ಮುಗಿದಿಲ್ಲ. ಸೋಲುವ ಮನಸ್ಸು ನನಗಂತೂ ಇಲ್ಲ.

ಹೋದ ಶುಕ್ರವಾರ ನಾನು ನೆಲ ಒರೆಸುವ ಬಟ್ಟೆ ಹಿಂಡುತ್ತಿದ್ದಾಗ ದೇವಮ್ಮಣ್ಣಿ ಅತ್ಗೆ, ಅತ್ಗೆ ಎಂದು ಕೂಗಿದಳು. ಒದ್ದೆ ಕೈಯಲ್ಲೇ ಫೋನು ಎತ್ತಿ ಒತ್ತಿದೆ. ಬಂದ ಫೋಟೋ ಹೀಗಿದೆ: ಟ್ಯೂಬ್‌ಲೈಟು, ವಾರೆಯಾದ ಕ್ಯಾಲೆಂಡರು, ಅರ್ಧ ದೇವಮ್ಮಣ್ಣಿ, ಮೂಲೆಯಲ್ಲಿ ತಂತಿ ಸಮೇತ ಇಡೀ ಪಂಜರ, ಮೇಲೆ ತೊಲೆಯ ಹತ್ತಿರ ಹಸಿರು ಬಳಿದುಹೋದ ಹಾಗೆ ಒಂದು ಗೆರೆ.

ಇವತ್ತು ಬೆಳಗ್ಗೆ ಮಾರ್ಟಳ್ಳಿಯ ಆ ಹೆಣ್ಣುಮಗಳ ಗಿಣಿಯ ಕೆಳಗೆ ಅದನ್ನೇ ಹಾಕಿದೆ. ತಂತಿ ಇರಲಿ ಮಗಳೇ, ಇರುವುದು ಕಾಣಿಸಲಿ, ನಿನ್ನ ಫೋಟೋದಲ್ಲಿ ಇರುವ ನಿಜ ಅದೊಂದೇ ಎಂದು ಬರೆದೆ. ಮೇಷ್ಟ್ರು ತಡಮಾಡಲಿಲ್ಲ.

"ಶೇಕ್ ಆಗಿದೆ ಮೇಡಂ. ಹಕ್ಕಿ ಗೊತ್ತೇ ಆಗ್ತಿಲ್ಲ."

ಹೌದು ಮೇಷ್ಟ್ರೇ, ಎಂದು ಬರೆದೆ. ಹಾರ್ತಾ ಇತ್ತು.