ಮಿಷನ್ ಬೆಲ್ಟು ಮತ್ತು ಅಮೃತಬಳ್ಳಿ ಕಷಾಯ

ಚಾಮರಾಜಪೇಟೆಯಲ್ಲಿ ನಮ್ಮದು ಹಿಟ್ಟಿನ ಮಿಷನ್. ಅಪ್ಪ ಹೋದ ಮೇಲೆ ನಾನೇ ನಡೆಸುತ್ತಿದ್ದೇನೆ. ಓದಿದ್ದು ಏಳನೇ ಕ್ಲಾಸು. ಹೋದ ವರ್ಷ ನನ್ನ ತಮ್ಮ ರಾಗಿ ಮೂಟೆ ಎತ್ತಲಾರದೆ ಆಗಾಗ ಕೂತುಬಿಡುತ್ತಿದ್ದ. ಸೋಮಾರಿ ಎಂದು ಗಿರಾಕಿಗಳ ಎದುರೇ ಕೆನ್ನೆಗೆ ಬಾರಿಸಿದೆ. ಬೆರಳ ಗಂಟುಗಳು ಊದಿದ್ದನ್ನು ನೋಡಿದ್ದು ಆಮೇಲೆ.

ಆಸ್ಪತ್ರೆಯಲ್ಲಿ ಮಾತ್ರೆ ಬರೆದುಕೊಟ್ಟರು. ಮೆಡಿಕಲ್ ಶಾಪಿನವನು, "ಇದು ಇಮ್ಯುನಿಟಿ ಕಮ್ಮಿ ಮಾಡೋ ಮಾತ್ರೆ ಅಕ್ಕ, ಹುಷಾರು" ಎಂದ. ಕೊರೊನಾ ಕಾಲದಲ್ಲಿ ಇಮ್ಯುನಿಟಿ ಇಲ್ಲದವರೇ ಸತ್ತರೆಂದು ಕೇಳಿದ್ದವಳು ನಾನು. ಮಾತ್ರೆಗಳನ್ನು ಮೋರಿಗೆ ಸುರಿದು, ಇಮ್ಯುನಿಟಿ ಹೆಚ್ಚಲೆಂದು ಅಮೃತಬಳ್ಳಿ ಕಷಾಯ ಕುದಿಸಿದೆ.

"ಅಕ್ಕಾ, ಮಾತ್ರೆ ನಿಲ್ಲಿಸ್ಬಾರ್ದು ಅಂದಿದಾರೆ ಕಣೇ. ಇದನ್ನ ಕುಡಿಯಲ್ಲ."

"ಕುಡೀತೀಯೋ, ಇಲ್ಲ ನಾಲ್ಕು ಬೀಳ್ಬೇಕೋ?"

ಮಿಷನ್ನಿನ ಹರಿದ ಬೆಲ್ಟು ಗೋಡೆಯಲ್ಲಿ ನೇತಾಡುತ್ತಿತ್ತು. ಅದನ್ನೆಳೆದು ಅವನ ಬೆನ್ನ ಮೇಲೆ ಬಿಟ್ಟೆ. ಇಪ್ಪತ್ತು ದಾಟಿದ ಹುಡುಗ, ತಡೆಯಲು ತೋಳಲ್ಲಿ ಶಕ್ತಿಯಿರಲಿಲ್ಲ. ಎದೆಗೆ ಮಂಡಿ ಊರಿ, ಮೂಗು ಹಿಡಿದು, ಲೋಟ ತುರುಕಿದೆ. ತುಟಿ ಒಡೆಯಿತು. ಕಷಾಯದ ಜೊತೆ ರಕ್ತವನ್ನೂ ನುಂಗಿದ. ತಿಂಗಳಿಡೀ ಹೀಗೆಯೇ. ಕೊನೆಕೊನೆಗೆ ಹೊಡೆಯಬೇಕಿರಲಿಲ್ಲ, ನಾನು ಬೆಲ್ಟಿನ ಕಡೆ ನೋಡಿದರೆ ಸಾಕಿತ್ತು.

ಮುಖ ಊದಿ, ಮೂತ್ರ ಕೆಂಪಗಾದಾಗ ಮತ್ತೆ ಆಸ್ಪತ್ರೆಗೆ ಓಡಿದೆವು. ಡಾಕ್ಟರಮ್ಮ ಬಿಡಿಸಿ ಹೇಳಿದರು. "ಮೈ ಕಾಯೋ ಬಿಳಿ ರಕ್ತಕಣಗಳೇ ಇವನ ಮೈ ಮೇಲೆ ಬಿದ್ದಿವೆ. ಕೀಲಾಯ್ತು, ಈಗ ಕಿಡ್ನಿ. ಅವನ್ನ ತಡೆಯೋ ಕಣಗಳೂ ಒಳಗೇ ಇರ್ತವೆ, ಇವನಲ್ಲಿ ಅವು ಸೋತಿವೆ. ಅವಕ್ಕೆ ಬಲ ಕೊಡೋಕೆ ಸಂಶೋಧನೆ ನಡೀತಿದೆ. ಅಲ್ಲೀವರೆಗೂ ಮೈ ಮೇಲೆ ಬೀಳೋ ಕಣಗಳನ್ನ ತಗ್ಗಿಸೋ ಈ ಮಾತ್ರೇನೇ ಗತಿ. ನಿಲ್ಲಿಸಿದ್ದು ಯಾರು?"

"ಇವನೇ ಮೇಡಂ. ಮರೆತ್ಬಿಟ್ಟ" ಎಂದೆ.

ತಮ್ಮ ನನ್ನ ಮುಖ ನೋಡಿದ. ಅವರು ಬೈದಷ್ಟನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡ.

ಆಮೇಲೆ ಮಾತ್ರೆ ತಪ್ಪಿಸಲಿಲ್ಲ. ಆದರೂ ಕಿಡ್ನಿ ಚೇತರಿಸಿಕೊಳ್ಳಲಿಲ್ಲ. ಬೇರೆ ಕಿಡ್ನಿ ಹಾಕಬೇಕಾಗಬಹುದು ಎಂದು ಮೊನ್ನೆ ಡಾಕ್ಟರಮ್ಮ ಹೇಳಿದಾಗ, "ನಂದು ತಗೊಳ್ಳಿ" ಎಂದೆ.

ತಮ್ಮ ನಕ್ಕ. "ಇವಳದಾ? ಒಳಗೆ ಬಂದೂ ಹೊಡೀತಾಳೆ. ಬೇಡ ಮೇಡಂ."

ಡಾಕ್ಟರಮ್ಮನೂ ನಕ್ಕರು, ತಮಾಷೆಯೆಂದುಕೊಂಡು. ನನಗೆ ತಡೆಯಲಾಗಲಿಲ್ಲ.

"ಅವತ್ತು ಮಾತ್ರೆ ಮೋರಿಗೆ ಹಾಕಿದ್ದು ನಾನು ಮೇಡಂ. ಅವನು ಮರೆತಿರ್ಲಿಲ್ಲ. ಬೆಲ್ಟಲ್ಲಿ ಹೊಡೆದು ಕಷಾಯ ಕುಡಿಸ್ದೆ."

ಡಾಕ್ಟರಮ್ಮ ಎದ್ದು ಬಂದು, ಅವನ ಅಂಗಿ ಎತ್ತಿ ಬೆನ್ನು ನೋಡಿದರು.