ಹಕ್ಕಿ ಕೆರೆಗೆ ಒಯ್ದ ಎಡೆ

ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಆಟೋ ತುಂಬ ಉದ್ದಿನ ವಡೆಯ ವಾಸನೆ. ಇವತ್ತು ನಮ್ಮ ಯಜಮಾನರ ವರ್ಷದ ತಿಥಿ. ತಾರಸಿಯ ಮೇಲೆ ಎಡೆ ಇಟ್ಟು ಕಾದದ್ದೇ ಬಂತು, ಕಾಗೆ ಬರಲಿಲ್ಲ. ನಮ್ಮ ಬೀದಿಯಲ್ಲಿ ಈಗ ಮರಗಳೇ ಇಲ್ಲವಲ್ಲ. ಕಾಗೆ ಮುಟ್ಟುವ ತನಕ ಮನೆಯವರು ಯಾರೂ ಉಣ್ಣುವಂತಿಲ್ಲ. ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಅಂತ ನಮ್ಮಲ್ಲಿ ನಂಬಿಕೆ. ಆ ಯೋಚನೆಯನ್ನು ನನಗೆ ತಡೆಯಲಾಗಲಿಲ್ಲ. ಎಡೆಯನ್ನು ಡಬ್ಬಿಗೆ ತುಂಬಿಕೊಂಡು ಯಲಹಂಕದ ಹಕ್ಕಿ ಕೆರೆಗೆ ಹೊರಟೆ. ಅಲ್ಲಿ ಒಂದು ಕಾಗೆಯಾದರೂ ಇರದೆ ಹೋಗುತ್ತದೆಯೇ?

ನೀವು ಆ ಕಡೆ ಬಂದಿದ್ದರೆ ನಮ್ಮ ಯಜಮಾನರನ್ನು ನೋಡಿಯೇ ಇರುತ್ತೀರಿ. ಭಾನುವಾರ ಮಂಕಿ ಟೋಪಿ ಹಾಕಿಕೊಂಡು ಏರಿಯ ಮೇಲೆ ನಿಂತು, ಹಕ್ಕಿಗಳಿಗೆ ಬನ್ನು ಎಸೆಯುವವರನ್ನು ಗದರುತ್ತಿದ್ದವರು ಅವರೇ. "ಅವೇನ್ ಬೇಕರಿ ಹಕ್ಕಿಗಳೇನ್ರೀ? ಮೀನು ಹಿಡ್ಯೋದೇ ಮರ್ತೋಗ್ತವೆ!" ಒಮ್ಮೆ ನನ್ನ ತಮ್ಮನೇ ಬೋಂಡಾ ಎಸೆದ. "ಬಾಮೈದ ಅಂತ ನೋಡಲ್ಲ ಕಣೋ, ಬಾ ಈಚೆ" ಅಂದರು. "ಭಾವ, ನಿಮ್ಗೇನ್ ಸಂಬಳ ಕೊಡ್ತಾರಾ?" ಅಂತ ಅವನು ರೇಗಿಸಿದ. ನಾನು ಮಾತ್ರ ಇಬ್ಬರ ಗುರುತೂ ಇಲ್ಲದವಳಂತೆ ನೀರು ನೋಡುತ್ತ ನಿಂತಿದ್ದೆ.

ಆ ಕೆರೆಯ ಕೆಳಗೆ ನಮ್ಮ ಮಾವನವರು ಭತ್ತ ಬೆಳೆಯುತ್ತಿದ್ದರು. ಇವರು ಚಿಕ್ಕಂದಿನಲ್ಲಿ ಕವಣೆ ಹಿಡಿದು ಹಕ್ಕಿಗಳನ್ನು ಓಡಿಸಿದವರೇ. ಗದ್ದೆಯೆಲ್ಲ ಲೇಔಟ್ ಆದಮೇಲೆ, ಕೆರೆಗೆ ಬೇಲಿ ಹಾಕಿ ಹಕ್ಕಿಗಳಿಗೆಂದೇ ಬಿಟ್ಟಾಗ, ಅವರಷ್ಟು ಹಿಗ್ಗಿದವರು ಇಲ್ಲ. "ನಮ್ದಂತೂ ಓಯ್ತು. ಇವುಗಳ್ದಾದ್ರೂ ಉಳೀಲಿ" ಅನ್ನುತ್ತಿದ್ದರು.

ಗೇಟು ಕಾಯುವ ಹೆಂಗಸು ಡಬ್ಬಿ ನೋಡಿದಳು. "ಊಟ ಒಳಗೆ ಬಿಡಲ್ಲ ಅಕ್ಕ."

ತಿಥಿಯ ಎಡೆ ಎಂದೆ. ಯಾರದು ಎಂದಳು. ಹೇಳಿದೆ. ಪಕ್ಕಕ್ಕೆ ಸರಿದಳು. "ಹೋಗಕ್ಕ, ನಾನ್ ನೋಡ್ಲಿಲ್ಲ ಅನ್ಕೋತೀನಿ. ಆದ್ರೆ ಆ ಅಣ್ಣ ಇದ್ದಿದ್ರೆ ನಿಮ್ಮನ್ನೂ ಬಿಡ್ತಿರ್ಲಿಲ್ಲ ನೋಡಿ."

ನನಗೆ ನಗು ಬಂತು. ಈ ಒಂದು ವರ್ಷದಲ್ಲಿ ಅವರನ್ನು ನೆನೆದು ನಾನು ನಕ್ಕಿರಲಿಲ್ಲ.

ದಾರಿ ತೆರೆದಿತ್ತು. ನಡುಗಡ್ಡೆಯ ಮರಗಳಿಗೆ ಬಣ್ಣದ ಕೊಕ್ಕರೆಗಳು ಕಡ್ಡಿ ಕಚ್ಚಿಕೊಂಡು ಬರುತ್ತಿದ್ದವು. ಹಳೆಯ ಗೂಡುಗಳ ಪಕ್ಕದಲ್ಲೇ ಹೊಸವು ಏಳುತ್ತಿದ್ದವು. ಇದಲ್ಲದೆ ಅವರಿಗೆ ಇನ್ನಾವ ಆಸೆ ಇತ್ತು? ಡಬ್ಬಿ ತೆರೆಯದೆ, ಗೇಟಿನ ಈಚೆಯೇ ನಿಂತು ಮಗಳಿಗೆ ಫೋನ್ ಮಾಡಿದೆ.

"ಕಾಗೆ ಮುಟ್ತಾಮ್ಮ?"

"ಇಲ್ಲ ಕಣೆ. ಎಲ್ರಿಗೂ ಎಲೆ ಹಾಕು. ನಂಗೂ ಒಂದ್ ಹಾಕಿರು, ಹೊಟ್ಟೆ ಹಸೀತಿದೆ."