ಖಾಲಿ ಕ್ಯಾಮರಾದ ಮುಂದೆ ನಕ್ಕ ದೊಡ್ಡವ್ವ

ಅಂದು ಬೆಳಿಗ್ಗೆ ಎದ್ದು ನಳದ ನೀರು ಹಿಡಿದೆ, ಒಲೆ ಸಾರಿಸಿದೆ, ಯಜಮಾನರು ಮಗ್ಗಕ್ಕೆ ಹೋಗುವ ಮೊದಲೇ ರೊಟ್ಟಿ ಬಡಿದೆ, ಅಕ್ಕಿ ಹಸನು ಮಾಡಿ ಡಬ್ಬಿಗೆ ತುಂಬಿದೆ, ಕುಪ್ಪಸಕ್ಕೆ ಗುಂಡಿ ಹಚ್ಚಿದೆ, ಆಮೇಲೆ ಬೆಲ್ಲದ ಪಾಕ ಕಾಸಿ ಅದರಲ್ಲಿ ಕುಂಕುಮ ಕಲಸಿ ಹೆಣಕ್ಕೆ ಹಚ್ಚುವ ರಕ್ತ ತಯಾರಿಸಿದೆ.

ಕೊನೆಯ ಕೆಲಸ ಓದಿ ಗಾಬರಿಯಾಗಬೇಡಿ. ಅದು ಸಿನೆಮಾದ ರಕ್ತ. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಭೂತ, ಶಕುನ, ಮೈಮೇಲೆ ಬರುವುದು, ಇದ್ಯಾವುದನ್ನೂ ನಾನು ನಂಬಿದವಳಲ್ಲ. ಯಾರಾದರೂ ಅಂಥದ್ದನ್ನು ಹೇಳತೊಡಗಿದರೆ ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದೆ. ಈಗ ನಾನೇ ಹೇಳುತ್ತಿದ್ದೇನೆ. ನೀವು ಎದ್ದು ಹೋದರೂ ಸರಿ, ಹೇಳುವುದನ್ನು ಮಾತ್ರ ಬಿಡುವುದಿಲ್ಲ.

ಬೆಳಗಾವಿಯ ಖಾಸಬಾಗದ ಬಟ್ಟೆ ವ್ಯಾಪಾರಿಯೊಬ್ಬರಿಗೆ ಸಿನೆಮಾ ತೆಗೆಯುವ ಹುಚ್ಚು ಹಿಡಿದಿತ್ತು. ಕಥೆ ನಗೆಯದು, ಆದರೆ ತುಂಬ ಕೊಲೆ. ಮುಖವಾಡದವನೊಬ್ಬ ದೊಡ್ಡ ಕತ್ತರಿ ಹಿಡಿದು ಸಿನೆಮಾದವರನ್ನೇ ಒಬ್ಬೊಬ್ಬರಾಗಿ ಮುಗಿಸುತ್ತಾನೆ. ಕಾಲೇಜು ಹುಡುಗನ ವೇಷ ಬಿಡದ ಮುದಿ ಹೀರೋ, ಕದ್ದ ರಾಗಕ್ಕೆ ಹಾಡು ಬರೆಯುವವನು, ಕಟ್ಟಕಡೆಗೆ ಜಿಪುಣ ಪ್ರೊಡ್ಯೂಸರ್. ಜಿಪುಣನನ್ನು ಗೇಲಿ ಮಾಡುವ ಆ ಸಿನೆಮಾಕ್ಕೆ ದುಡ್ಡು ಹಾಕಿದ ಸಾಹುಕಾರರು ರೀಲನ್ನು ಮಾತ್ರ ತುಪ್ಪದ ಹಾಗೆ ಬಳಸುತ್ತಿದ್ದರು.

ಅದರಲ್ಲಿ ಮೊದಲ ಹೆಣ ನಮ್ಮ ಚಂಪವ್ವ ದೊಡ್ಡವ್ವ, ನನ್ನ ತಾಯಿಯ ಅಕ್ಕ. ಹರೆಯದಲ್ಲಿ ನಾಟಕ ಕಂಪನಿಯ ನಟಿ. ಊರೂರಿಗೆ ಟಾಕೀಜು ಬಂದು ಕಂಪನಿ ಮುಚ್ಚಿದ ಮೇಲೆ ಅಲ್ಲೇ ಪಕ್ಕದ ಶಹಾಪುರದ ನಮ್ಮ ಮನೆಯಲ್ಲೇ ಇದ್ದಳು. ಈ ಪಾತ್ರಕ್ಕೆ ಮಾತಿಲ್ಲ, ನಡೆಯುವುದಿಲ್ಲ, ಕಣ್ಣು ಮುಚ್ಚಿ ಬಿದ್ದಿದ್ದರೆ ಆಯಿತು. ಆದರೂ ಒಪ್ಪಿಕೊಂಡಳು. ಜೊತೆಗೆ ನಾನು ಹೋದೆ.

ಶೂಟಿಂಗ್ ಖಾನಾಪುರದಲ್ಲಿ, ಹೊಳೆಯ ಕಡೆಗಿನ ಒಂದು ಹಳೆಯ ಬಂಗಲೆಯಲ್ಲಿ. ನನ್ನ ಪಾಕಕ್ಕೆ ಇರುವೆ ಮುತ್ತಿದವು. ಕುತ್ತಿಗೆಯ ಮೇಲೆ ಸಾಲುಗಟ್ಟಿ ಹರಿದಾಡಿದರೂ ದೊಡ್ಡವ್ವ ರೆಪ್ಪೆ ಅಲುಗಿಸಲಿಲ್ಲ. ಶಾಟ್ ಮುಗಿಯಿತು ಎಂದಾಗ ಎದ್ದು ಕುಳಿತು, “ಈಗ ನಾ ನಗೂದು ತಗೀರಿ” ಅಂದಳು.

ಇದು ಅವಳ ಹಟವಲ್ಲ, ಪದ್ಧತಿ. ಕಂಪನಿಯಲ್ಲಿ ಸಾಯುವ ಪಾರ್ಟು ಮಾಡಿದವರು ಬಣ್ಣ ಒರೆಸುವ ಮೊದಲು ಜನರ ಕಡೆ ಮುಖ ಮಾಡಿ ಒಮ್ಮೆ ನಗಬೇಕಿತ್ತು. ಸಿನೆಮಾದವರೂ ಸತ್ತ ಪಾತ್ರದವರ ಒಂದು ನಗುವನ್ನು ಕ್ಯಾಮರಾದಲ್ಲಿ ಹಿಡಿದುಕೊಂಡೇ ಮನೆಗೆ ಕಳಿಸುತ್ತಾರೆ.

“ಅಜ್ಜೀ, ಆ ಪದ್ಧತಿ ಹೀರೋಗೋಳಿಗೆ. ನಿಮಗೆಲ್ಲೀದು?” ಅಂದರು ಸಾಹುಕಾರರು.

“ಹೆಣದ ಪಾರ್ಟ್ ಮಾಡೀನ್ರಿ ಸಾವಕಾರ್ರ, ಸತ್ತಿಲ್ಲ. ನಿಮ್ಮ ಸಿನೆಮಾ ನಮ್ಮ ಕಂಪನಿ ನುಂಗ್ತು. ಅದರಾಗ ನಾನೂ ಹೆಣ ಆಗೇ ಉಳೀಬೇಕೇನು? ಒಂದ್ಸಲ ಜೀವಂತ ಮಾರಿ ತೋರಸೇ ಹೋಗಾಕಿ ನಾ.”

“ರೀಲ್ ಏನ್ ಗಿಡದಾಗ ಬೆಳೀತೈತೇನ್ರಿ?”

“ಹಂಗಾರ ಇಲ್ಲೇ ಕುಂದರ್ತೀನಿ. ಇರುವಿ ರೂಢಿ ಆಗ್ಯಾವ.”

ಕುಳಿತೇ ಬಿಟ್ಟಳು. ಬಿಸಿಲು ಇಳಿಯತೊಡಗಿತು. ಲೈಟು, ತಂತಿ ಎಲ್ಲ ಟೆಂಪೋ ಏರಿದವು. ಕೊಲ್ಹಾಪುರದಿಂದ ಬಂದಿದ್ದ ಕ್ಯಾಮರಾಮನ್ ಬೆಳಕು ತಾಗದಂತೆ ಕಪ್ಪು ಚೀಲದೊಳಗೆ ಕೈ ಹಾಕಿ ರೀಲನ್ನು ತಗಡಿನ ಡಬ್ಬಿಗೆ ಇಳಿಸಿ, ಸುತ್ತ ಪಟ್ಟಿ ಅಂಟಿಸಿ, ಜೋಪಾನವೆಂದು ನನ್ನ ಮಡಿಲಲ್ಲಿಟ್ಟರು. ಕೊನೆಗೆ ಬೇಸತ್ತ ಸಾಹುಕಾರರು ಅವರಿಗೆ ಕಣ್ಣು ಹೊಡೆದರು. ಖಾಲಿ ಕ್ಯಾಮರಾ ಮತ್ತೆ ಮೂರುಕಾಲಿನ ಮೇಲೆ ಏರಿ ಗರ್ರ್ ಎಂದಿತು. ದೊಡ್ಡವ್ವ ಎದ್ದು ನಿಂತು, ಸೆರಗು ಸರಿ ಮಾಡಿಕೊಂಡು, ಅದರ ಕಣ್ಣಲ್ಲಿ ಕಣ್ಣಿಟ್ಟು ನಕ್ಕಳು. ನಾನು ಅವಳ ಬೆನ್ನ ಹಿಂದಿನ ಮೆಟ್ಟಿಲ ಮೇಲೆ ಕುಳಿತಿದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ತಡೆಯಲಾಗದೆ, “ದೊಡ್ಡವ್ವ, ಅದರಾಗ ರೀಲ್ ಇರಲಿಲ್ಲ” ಅಂದೆ.

“ಅಂವ ಕಣ್ಣ ಹೊಡದದ್ದು ಕಂಡೀನಿ. ನಗೂದು ನನ್ನ ಕೆಲಸ, ಹಿಡಿಯೂದು ಅವರ ಕೆಲಸ” ಅಂದಳು.

ಕೆಲವು ತಿಂಗಳ ಮೇಲೆ ಸಿನೆಮಾ ಬೆಳಗಾವಿಯಲ್ಲಿ ಬಿಡುಗಡೆಯಾಯಿತು. ಮಧ್ಯಾಹ್ನದ ಆಟಕ್ಕೆ ದೊಡ್ಡವ್ವ, ಯಜಮಾನರು, ನಾನು ಮೂವರೂ ಹೋದೆವು. ಜನ ಆಕಳಿಸುತ್ತಿದ್ದರು. ಕತ್ತರಿಯವನು ಪ್ರೊಡ್ಯೂಸರನನ್ನು ಮುಗಿಸಿದ, ಇನ್ನು ‘ಶುಭಂ’ ಬರಬೇಕು ಅನ್ನುವಾಗ ತೆರೆಯ ತುಂಬ ದೊಡ್ಡವ್ವ! ಕುತ್ತಿಗೆಯ ಮೇಲೆ ನನ್ನ ಪಾಕ. ಸದ್ದಿಲ್ಲ, ಬರೀ ನಗು. ಟಾಕೀಜಿನ ತುಂಬ ಸೀಟಿ, ಚಪ್ಪಾಳೆ, “ಇನ್ನೊಂದ್ಸಲ ಹಾಕ್ರಲೇ!” ಎಂಬ ಕೂಗು. ನಾನು ಮಾತ್ರ ಅವಳ ಬೆನ್ನ ಹಿಂದೆ ನೋಡುತ್ತಿದ್ದೆ. ಅಲ್ಲಿ ಮೆಟ್ಟಿಲ ಮೇಲೆ ನಾನು ಕುಳಿತಿದ್ದೆ. ನನ್ನ ಮಡಿಲಲ್ಲಿ ಪಟ್ಟಿ ಅಂಟಿಸಿದ ರೀಲಿನ ಡಬ್ಬಿ ಇತ್ತು.

ಸಾಹುಕಾರರು ಬಾಲ್ಕನಿಯಿಂದ ಓಡಿ ಬಂದರು. ಮುಖ ಬಿಳಿಚಿತ್ತು. “ಅಜ್ಜೀ, ಇದು ಹೆಂಗ ಬಂತು? ಆ ತುಂಡ ಕತ್ತರಿಸಿ ಒಗಸ್ತೀನಿ ನೋಡ್ರಿ!”

“ಕತ್ತರಸ್ರಿ. ಈ ಮಂದಿನ್ನೊಮ್ಮೆ ಕೇಳಿ ಕತ್ತರಸ್ರಿ” ಅಂದಳು ದೊಡ್ಡವ್ವ. ಕತ್ತರಿಸುವ ಧೈರ್ಯ ಅವರಿಗಾಗಲಿಲ್ಲ.

ಎಡಿಟರ್ ಹೇಳಿದ್ದಿಷ್ಟೇ: ಆ ನಗು ಡಬ್ಬಿಯಲ್ಲಿದ್ದ ರೀಲಿನ ಕೊನೆಗೇ ಇತ್ತು, ಚೆನ್ನಾಗಿ ಕಂಡಿತು, ಹಚ್ಚಿದೆ. ಕ್ಯಾಮರಾಮನ್ ಆಮೇಲೊಮ್ಮೆ ಬೆಳಗಾವಿಗೆ ಬಂದಾಗ ನಾನೇ ಹಿಡಿದು ಕೇಳಿದೆ. ಗಂಟಲು ಮುಟ್ಟಿಕೊಂಡು ಮರಾಠಿಯಲ್ಲಿ “ವಹಿನಿ, ಕ್ಯಾಮರಾ ರಿಕಾಮಾ ಹೋತಾ” ಅಂದರು. ಖಾಲಿಯಿತ್ತು ಎಂದು ಆಣೆ ಮಾಡಿದರು. ಒಂದಿಷ್ಟು ರೀಲು ಒಳಗೆ ಉಳಿದಿರಬೇಕು ಎಂದು ಓದಿದವರು ನನಗೆ ತಿಳಿಹೇಳುತ್ತಾರೆ. ಉಳಿದಿರಲಿ. ಮುಚ್ಚಿದ ಡಬ್ಬಿಯ ಒಳಗಿನ ರೀಲಿನಲ್ಲಿ ಆ ಮುಚ್ಚಿದ ಡಬ್ಬಿಯದೇ ಚಿತ್ರ ಹೇಗೆ ಬಂತು, ಅದನ್ನು ಹೇಳಿ ಎಂದರೆ ಮಾತು ಬದಲಿಸುತ್ತಾರೆ. ನನಗೂ ಗೊತ್ತಿಲ್ಲ. ದೆವ್ವವನ್ನು ನಾನು ಈಗಲೂ ನಂಬುವುದಿಲ್ಲ. ಕಂಡದ್ದನ್ನು ಕಂಡಿಲ್ಲ ಅನ್ನುವವಳೂ ಅಲ್ಲ.

ಸಿನೆಮಾ ನೋಡಿ ಬಂದ ಸಂಜೆ ಯಜಮಾನರು, “ನಿನ್ನ ಕಣ್ಣ ತಪ್ಪಿರಬೇಕ ಬಿಡು” ಅಂದರು. “ಇಡೀ ಟಾಕೀಜಿನ ಕಣ್ಣ ತಪ್ಪೇತೇನ್ರಿ?” ಎಂದೆ. ತಾಟಿನ ಮುಂದೆ ಕುಳಿತರು. ಬಿಸಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ, ಗಟ್ಟಿ ಮೊಸರು. ದೊಡ್ಡವ್ವ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡು ಉಂಡಳು. ಯಜಮಾನರು ಕಂದೀಲಿನ ಬತ್ತಿ ಸಣ್ಣದು ಮಾಡಬೇಡ ಎಂದು ಎರಡು ಸಲ ಹೇಳಿದರು. ಎಲ್ಲರಿಗಿಂತ ಮೊದಲು ಮಲಗಿದವಳು ದೊಡ್ಡವ್ವ. ತಲೆ ಇಟ್ಟ ಕೂಡಲೇ ಗೊರಕೆ.